ಆಕಿನ್ನ ಕೇಳ್ರಿ

ನಮ್ಮ ಮನೆಯ ಮುಂದಿನ ಇಳಿಜಾರನ್ನು ಒಡೆಯಲು ಅವರು ಬೆಳಿಗ್ಗೆಯೇ ಬಂದರು. ನಾನು ಪಡಸಾಲೆಯಲ್ಲಿ ಕುಳಿತು ಕೂಲಿಗೆ ತಂದ ಕೂದಲಿನ ಗಂಟು ಬಿಡಿಸುತ್ತಿದ್ದೆ. ಮೊದಲು ಹಾರೆಯ ಸದ್ದು ಕೇಳಿತು. ಆಮೇಲೆ ಸಿಮೆಂಟಿನ ಹೆಂಟೆ ಗಟಾರಕ್ಕೆ ಬಿದ್ದ ಸದ್ದು.

"ಮಾಳಕ್ಕ, ಯಾರೋ ನಮ್ಮ ಬಾಗಲಾ ಒಡ್ಯಾಕ ಹತ್ಯಾರ," ಎಂದಳು ನಾಹೀದಾ. ಅವಳಿಗೆ ಹುಟ್ಟಿನಿಂದಲೂ ಕಣ್ಣಿಲ್ಲ. ನನ್ನ ಪಕ್ಕದಲ್ಲೇ ಕುಳಿತಿದ್ದಳು.

"ಬಾಗಲಾ ಅಲ್ಲ. ಇಳಿಜಾರ ಒಡ್ಯಾಕ ಹತ್ಯಾರ," ಎಂದೆ.

ನನ್ನ ಕಾಲುಗಳು ಸಣ್ಣಂದಿನ ಜ್ವರದಲ್ಲಿ ಹೋದವು. ಅಂಗೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ಕೈಯಿಂದ ನೆಲ ಒತ್ತಿ, ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಹಾಗೆ ಹೊಸ್ತಿಲಿಗೆ ಬಂದೆ. ಇಬ್ಬರು ಆಳುಗಳು ಹಾರೆ ಹಾಕುತ್ತಿದ್ದರು. ಎದುರು ಮನೆಯ ಸಿದ್ದಲಿಂಗೇಶ ಅವರ ಹಿಂದೆ ಕೈಕಟ್ಟಿ ನಿಂತಿದ್ದ. ಸಿಮೆಂಟು, ಕಬ್ಬಿಣದ ಅಂಗಡಿಯವನು. ಎದುರಿಗೆ ನಾನು ಅವನನ್ನು ಸಾವಕಾರ್ರ ಎನ್ನುತ್ತಿದ್ದೆ. ಈಗ ಹೇಳುವಾಗ ಆ ಮರ್ಯಾದೆ ನನ್ನ ಬಾಯಿಗೆ ಬರುವುದಿಲ್ಲ.

ಆ ಇಳಿಜಾರಿಗೆ ಬಳಸಿದ ಸಿಮೆಂಟು ಅವನ ಅಂಗಡಿಯದೇ. ಚೀಲವನ್ನು ಕೊಂಡು ತಂದದ್ದು ನಾವೇ. ನಮ್ಮ ಹೊಸ್ತಿಲಿಗೂ ರಸ್ತೆಗೂ ನಡುವೆ ಗಟಾರ ಇದೆ. ನನ್ನ ಮೂರು ಗಾಲಿಯ ಸೈಕಲ್ಲು ಅದನ್ನು ದಾಟಿ ರಸ್ತೆಗೆ ಇಳಿಯಬೇಕಾದರೆ ಇಳಿಜಾರು ಬೇಕು. ಅಷ್ಟಕ್ಕೇ ಕಟ್ಟಿಸಿದ್ದೆವು.

"ಯಾಕ್ರಿ ಸಾವಕಾರ್ರ ಒಡಸಾಕ ಹತ್ತೀರಿ?"

"ರಸ್ತೆದ ಮ್ಯಾಲ ಬಂದೈತವ್ವ. ಗಾಡಿ ಹೊಳ್ಳಸಾಕ ಅಡ್ಡ ಆಗತೈತಿ. ಓಣಿ ಮಂದಿ ಎಲ್ಲಾ ಹೇಳ್ಯಾರ."

"ನಿಮ್ಮ ಪಾವಟಿಗಿನೂ ರಸ್ತೆ ಮ್ಯಾಲ ಬಂದಾವಲ್ರಿ."

ಅವನು ತಿರುಗಿ ತನ್ನ ಮನೆಯ ಮೆಟ್ಟಿಲು ನೋಡಿದ. ನುಣುಪಾದ ಕಪ್ಪು ಕಲ್ಲಿನವು. ಗಟಾರ ದಾಟಿ ರಸ್ತೆಯ ಮೇಲೆ ಬಂದಿದ್ದವು. ಅದರ ಪಕ್ಕದಲ್ಲಿ ಕೂರಲು ಕಟ್ಟೆ ಬೇರೆ.

"ಅವು ಮೊದಲಿಂದ ಅದಾವ," ಎಂದ.

"ನನ್ನ ಗಾಡಿ ಹ್ಯಾಂಗ ಹೊರಗ ಬರಬೇಕ್ರಿ?"

"ನೀ ಎಲ್ಲಿಗೆ ಹೋಗಾಕಿ? ಕುಂತ ಮಾಡೋ ಕೆಲಸ ಅಲ್ಲ ನಿಂದು?"

ಆಳುಗಳಲ್ಲಿ ಒಬ್ಬ ನನ್ನ ಕಡೆ ನೋಡಿ ಹಾರೆ ನಿಲ್ಲಿಸಿದ. "ಹೊಡಿಯೋ," ಎಂದ ಸಿದ್ದಲಿಂಗೇಶ. ಅವನು ಹೊಡೆದ. ಇಳಿಜಾರು ಪೂರ್ತಿ ಮುರಿಯುವವರೆಗೆ ನಾನು ಹೊಸ್ತಿಲ ಮೇಲೆಯೇ ಕುಳಿತಿದ್ದೆ. ನನ್ನ ಹಿಂದೆ ದುರುಗವ್ವ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು.

ಈ ಮನೆಯಲ್ಲಿ ನಾವು ಮೂವರೇ. ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದಲ್ಲಿ, ಬಾಡಿಗೆಗೆ. ಇದಕ್ಕೆ ಮೊದಲು ಮೂವರೂ ಗಂಗಾವತಿ ಕಡೆಯ ಒಂದು ಆಶ್ರಮದಲ್ಲಿದ್ದೆವು.

ನನ್ನ ಊರು ಹನುಮಸಾಗರ. ಅವ್ವ ಸತ್ತ ಮೇಲೆ ಅಣ್ಣ ನನ್ನನ್ನು ಆಶ್ರಮಕ್ಕೆ ಕರೆದುಕೊಂಡು ಹೋದ. "ಒಂದು ವಾರ ಇರು, ಮನಿ ದುರಸ್ತಿ ಮಾಡ್ಸಿ ಕರಕೊಂಡ ಹೋಗ್ತೀನಿ," ಎಂದ. ಮನೆ ದುರಸ್ತಿ ಆಯಿತು ಎಂದು ಊರಿನವರು ಯಾರೋ ಹೇಳಿದರು. ಅವನು ಬರಲಿಲ್ಲ. ನಾಹೀದಾಳನ್ನು ಅವಳ ಚಿಕ್ಕಪ್ಪ ಬಿಟ್ಟು ಹೋದ. ದುರುಗವ್ವ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವಳು. ಅವಳಿಗೆ ಮಾತು ಕಡಿಮೆ, ತಿಳಿವಳಿಕೆ ಮಗುವಿನಷ್ಟು ಎನ್ನುತ್ತಾರೆ. ಅವಳ ಊರು ಯಾವುದು, ಜಾತಿ ಯಾವುದು, ವಯಸ್ಸೆಷ್ಟು, ಯಾರಿಗೂ ಗೊತ್ತಿಲ್ಲ. ತಲೆ ನರೆತಿದೆ.

ಆಶ್ರಮ ನಡೆಸುವವನು ಗುರುಬಸವ. ತಾನು ಯಾರನ್ನೂ ಹೊಡೆದಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತಾನೆ. ನಿಜ. ಹೊಡೆಯುವ ಅಗತ್ಯ ಅವನಿಗಿರಲಿಲ್ಲ. ಗೇಟಿಗೆ ಬೀಗ ಇತ್ತು. ಹೇನು ಆಗುತ್ತವೆಂದು ನಮ್ಮೆಲ್ಲರ ತಲೆ ಬೋಳಿಸುತ್ತಿದ್ದರು. ಅಂಗಳದಲ್ಲಿ ಸಾಲಾಗಿ ಕೂರಿಸಿ, ಪೈಪು ಹಿಡಿದು, ದನ ತೊಳೆದ ಹಾಗೆ ಮೈ ತೊಳೆಯುತ್ತಿದ್ದರು. ಕೆಲಸದ ಗಂಡಸರು ಆ ಅಂಗಳದಲ್ಲೇ ಓಡಾಡುತ್ತಿದ್ದರು. ದುರುಗವ್ವ ಪದೇ ಪದೇ ಗೇಟಿನ ಕಡೆ ಹೋಗುತ್ತಾಳೆಂದು ಅವಳ ಕಾಲನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದರು. ಹಗ್ಗ ತಿಂದ ಜಾಗದಲ್ಲಿ ಅವಳ ಕಾಲಿನ ಹರಡಿನ ಸುತ್ತ ಈಗಲೂ ಕಪ್ಪು ಬಳೆಯಂಥ ಕಲೆ ಇದೆ.

ಎಲ್ಲಕ್ಕಿಂತ ಕೆಟ್ಟದ್ದು ಹುಟ್ಟುಹಬ್ಬಗಳು. ಉಳ್ಳವರು ತಮ್ಮ ಮಕ್ಕಳ ಹುಟ್ಟುಹಬ್ಬ ಮಾಡಲು ನಮ್ಮಲ್ಲಿಗೆ ಬರುತ್ತಿದ್ದರು. ತಾಟಿಗೆ ಅನ್ನ ಬಡಿಸಿರುತ್ತಿತ್ತು. ಮುಟ್ಟುವಂತಿರಲಿಲ್ಲ. ಮೊದಲು ಕೇಕು ಕತ್ತರಿಸಬೇಕು, ನಾವು ಚಪ್ಪಾಳೆ ತಟ್ಟಿ ಹಾಡಬೇಕು, ಫೋಟೋ ಆಗಬೇಕು. ಒಂದು ಸಲ ಬಂದವನು ಇದೇ ಸಿದ್ದಲಿಂಗೇಶ. ಮಗನ ಹುಟ್ಟುಹಬ್ಬ. ನನ್ನ ಮುಂದೆ ಬಗ್ಗಿ ನನ್ನ ಬಾಯಿಗೆ ಕೇಕಿನ ತುಂಡು ಇಟ್ಟ. ಫೋಟೋದವನು "ಸರಿ ಬರ್ಲಿಲ್ಲ ಸರ್, ಇನ್ನೊಮ್ಮೆ," ಎಂದ. ಸಿದ್ದಲಿಂಗೇಶ ಆ ತುಂಡನ್ನು ನನ್ನ ಬಾಯಿಂದ ಹೊರಗೆ ತೆಗೆದು, ಮತ್ತೆ ಬಾಯಿಗೆ ಇಟ್ಟ. ನಾನು ನಕ್ಕೆ. ನಗು ಎಂದು ಗುರುಬಸವ ಹಿಂದಿನಿಂದ ಸನ್ನೆ ಮಾಡುತ್ತಿದ್ದ.

ಭಾಗ್ಯನಗರಕ್ಕೆ ಬಂದ ದಿನವೇ ನಾನು ಅವನನ್ನು ಗುರುತಿಸಿದೆ. ಅವನು ನನ್ನನ್ನು ಗುರುತಿಸಲಿಲ್ಲ. ಬೋಳು ತಲೆಗಳೆಲ್ಲ ಅವನಿಗೆ ಒಂದೇ ತರಹ ಕಂಡಿರಬೇಕು.

ಅಲ್ಲಿಂದ ಹೊರಗೆ ಬಂದದ್ದು ನಾಹೀದಾಳಿಂದ. ಅಂಗವಿಕಲರ ಒಕ್ಕೂಟದವರು ಕೊಪ್ಪಳದಲ್ಲಿ ಒಂದು ಸಭೆ ಮಾಡಿದ್ದರು. ಸೈಕಲ್ಲು ಹಂಚುತ್ತಾರೆಂದು ಗುರುಬಸವ ನಮ್ಮನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿದ್ದ. ಪ್ರಶ್ನೆ ಇದ್ದರೆ ಕೇಳಿ ಎಂದು ಮೈಕು ಕೊಟ್ಟರು. ನಾಹೀದಾ ಎದ್ದು ನಿಂತು, "ನಾವು ಬ್ಯಾರೆ ಮನಿ ಮಾಡ್ಕೊಂಡು ಇರಾಕ ಬರತೈತೇನ್ರಿ?" ಎಂದು ಕೇಳಿದಳು. ಗುರುಬಸವ ನಕ್ಕು, "ಅಡಗಿ ಯಾರ್ ಮಾಡ್ತಾರಬೇ?" ಎಂದ. "ನಾವ ಮಾಡ್ತೀವಿ. ಅಲ್ಲೂ ನಾವ ಮಾಡಾಕ ಹತ್ತೀವಲ್ರಿ," ಎಂದಳು. ಆಮೇಲೆ ಒಕ್ಕೂಟದವರು ಪಟ್ಟು ಬಿಡಲಿಲ್ಲ. ಅವರು ಅಲೆದಾಡಿದ್ದೇ ಒಂದು ದೊಡ್ಡ ಕಥೆ. ಕೊನೆಗೆ ಅಮರಪ್ಪ ಎಂಬವರು ಬಹಳ ದಿನ ಖಾಲಿ ಬಿದ್ದ ಈ ಮನೆಯನ್ನು ನಮ್ಮ ಮೂವರ ಹೆಸರಿಗೆ ಬಾಡಿಗೆ ಕೊಟ್ಟರು.

ಒಕ್ಕೂಟದಿಂದ ಪಂಪಾವತಿ ಬರುತ್ತಾಳೆ. ಯಲಬುರ್ಗಾ ಕಡೆಯ ಮಂಗಳೂರಿನವಳು. ಅವಳ ಎಡಗೈ ಗೋವಿನಜೋಳದ ಯಂತ್ರಕ್ಕೆ ಸಿಕ್ಕಿ ಮೊಣಕೈಯಿಂದ ಕೆಳಗೆ ಹೋಗಿದೆ. ನಮ್ಮಿಂದ ಆಗದ ಕೆಲಸಕ್ಕೆ ಕೈ ಹಚ್ಚುತ್ತಾಳೆ, ದುರುಗವ್ವನಿಗೆ ಮಾತ್ರೆ ಕೊಡುತ್ತಾಳೆ, ಆಸ್ಪತ್ರೆಗೆ ಜೊತೆ ಬರುತ್ತಾಳೆ. ಒಳಗೆ ಬರುವ ಮೊದಲು ಬಾಗಿಲು ತಟ್ಟುತ್ತಾಳೆ. ಮೊದಲ ದಿನ ಅವಳು ತಟ್ಟಿದಾಗ ಏನು ಮಾಡಬೇಕೆಂದು ನಮಗೆ ಗೊತ್ತಾಗಲಿಲ್ಲ. ಅದುವರೆಗೆ ನಮ್ಮ ಬಾಗಿಲನ್ನು ಯಾರೂ ತಟ್ಟಿರಲಿಲ್ಲ.

ಭಾಗ್ಯನಗರದ ಬಹಳ ಮನೆಗಳಲ್ಲಿ ಕೂದಲಿನ ಕೆಲಸ ನಡೆಯುತ್ತದೆ. ಎಲ್ಲೆಲ್ಲಿಯೋ ಹೆಂಗಸರು ಬಾಚಿ ಎಸೆದ ಕೂದಲು ಮೂಟೆಗಟ್ಟಿ ಬರುತ್ತದೆ. ಉಂಡೆ ಉಂಡೆಯಾಗಿ, ಜಡೆಗಟ್ಟಿ, ಧೂಳು ಹೇನು ಸಮೇತ. ದಬ್ಬಣ ಹಿಡಿದು ಗಂಟು ಬಿಡಿಸಬೇಕು. ನಾಹೀದಾ ಬೆರಳಿನಲ್ಲೇ ಬಿಡಿಸುತ್ತಾಳೆ. ಬಿಳಿ ಕೂದಲು ಆರಿಸುವುದು ನನ್ನ ಕೆಲಸ. ಮನಸ್ಸು ಬಂದರೆ ದುರುಗವ್ವ ಎಳೆ ಜೋಡಿಸಿ ಕಟ್ಟು ಕಟ್ಟುತ್ತಾಳೆ. ಧೂಳು ಗಂಟಲಿಗೆ ಇಳಿಯುತ್ತದೆ, ಕೆಮ್ಮಿದರೆ ಕಪ್ಪು ಕಫ ಬರುತ್ತದೆ, ಸಂಜೆಗೆ ಬೆನ್ನು ಕಟ್ಟಿಗೆಯಾಗುತ್ತದೆ. ಆದರೂ ನಮ್ಮ ದುಡಿಮೆ. ಹಸಿವಾದಾಗ ಉಣ್ಣುತ್ತಿದ್ದೆವು. ನಮ್ಮ ಮೂವರ ತಲೆಯಲ್ಲೂ ಕೂದಲು ಬೆಳೆದಿತ್ತು. ನಾಹೀದಾ ಜಡೆ ಹಾಕಿಕೊಂಡಳು.

ಓಣಿಗೆ ಇದನ್ನು ಸಹಿಸಲಾಗಲಿಲ್ಲ. ಸಿದ್ದಲಿಂಗೇಶನ ಹೆಂಡತಿ ಭವಾನಿ ಮೊದಲ ವಾರವೇ ಬಂದು, ಹೊಸ್ತಿಲ ಆಚೆ ನಿಂತು, "ನೀವು ಯಾವ ಪೈಕಿ?" ಎಂದು ಕೇಳಿದಳು. ನಾನು ಹೊಲೇರ ಪೈಕಿ ಎಂದು ಹೇಳಿದೆ. ನಾಹೀದಾ ತಾನು ಸಾಬರಾಕಿ ಎಂದಳು. ದುರುಗವ್ವನದು ಗೊತ್ತಿಲ್ಲ ಎಂದೆ. "ಮೂರೂ ಮಂದಿದು ಒಂದ ಒಲಿ ಏನು?" ಎಂದಳು. ಹೌದು ಎಂದೆ. ಮತ್ತೆ ಅವಳು ನಮ್ಮ ಕಡೆ ಬರಲಿಲ್ಲ. ಓಣಿಯ ನಳದಲ್ಲಿ ನಮ್ಮ ಕೊಡಗಳನ್ನು ಸರಿಸಿ ಕೊನೆಗೆ ಇಡತೊಡಗಿದರು. ನಮ್ಮ ಪಾಳಿ ಬರುವಷ್ಟರಲ್ಲಿ ನೀರು ಹೋಗಿರುತ್ತಿತ್ತು.

ದುರುಗವ್ವನಿಗೆ ಒಂದು ಚಟ. ಬಾಗಿಲಲ್ಲಿ ನಿಂತು, ಹೋಗಿಬರುವವರನ್ನೆಲ್ಲ "ಊಟ ಆತೇನ್ರಿ?" ಎಂದು ಕೇಳುತ್ತಾಳೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಸಿದ್ದಲಿಂಗೇಶನ ಮಗಳನ್ನು ನೋಡಲು ವರನ ಕಡೆಯವರು ಬಂದ ದಿನ, ಕಾರಿನಿಂದ ಇಳಿದವರ ಹತ್ತಿರ ಹೋಗಿ ಅದನ್ನೇ ಕೇಳಿದಳು. ವರನ ತಾಯಿಯ ಕೈ ಹಿಡಿದು ಕೇಳಿದಳು. ಆ ಹೆಂಗಸು ಹೆದರಿ ಕೈ ಕಿತ್ತುಕೊಂಡಳು. ಆ ಸಂಬಂಧ ಕೂಡಿ ಬರಲಿಲ್ಲ. ಕಾರಣ ಬೇರೆ ಇತ್ತು, ವರನಿಗೆ ಹುಡುಗಿ ಒಪ್ಪಿಗೆಯಾಗಿರಲಿಲ್ಲವಂತೆ. ಆದರೆ ಓಣಿಯಲ್ಲಿ ಮಾತು ಹಬ್ಬಿತು. ಹುಚ್ಚಿ ಮುಟ್ಟಿದ್ದಕ್ಕೇ ಮುರಿಯಿತು ಎಂದು. ಅದಾದ ಮೇಲೆಯೇ ಹಾರೆ ಬಂದದ್ದು.

ಇಳಿಜಾರು ಹೋದ ಮೇಲೆ ಸೈಕಲ್ಲು ಒಳಗೇ ಉಳಿಯಿತು. ಕೂದಲಿನ ಮೂಟೆ ತರಲು ನಾನೇ ಗೋದಾಮಿಗೆ ಹೋಗಬೇಕು. ಪಂಪಾವತಿ ಒಂದೇ ಕೈಯಲ್ಲಿ ಎಷ್ಟು ತಂದಾಳು? ಮರುದಿನ ನಾನು ಹೊಸ್ತಿಲಿನಿಂದ ಗಟಾರಕ್ಕೆ ಇಳಿದೆ. ಬೇರೆ ದಾರಿ ಇರಲಿಲ್ಲ. ಕಪ್ಪು ನೀರು ಸೊಂಟದವರೆಗೆ ಬಂತು. ಒಡೆದ ಸಿಮೆಂಟಿನ ತುಂಡುಗಳು ಕೆಳಗೆ ಚುಚ್ಚಿದವು. ಆಚೆ ಅಂಚಿಗೆ ಎರಡೂ ಕೈ ಊರಿ ಮೈ ಎತ್ತಿದೆ. ಜಾರಿ ಮತ್ತೆ ಬಿದ್ದೆ. ನಳದ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಒಬ್ಬಳು ಮೂಗಿಗೆ ಸೆರಗು ಹಿಡಿದಳು. ಎರಡನೇ ಸಲ ಏರಿದೆ. ಒದ್ದೆ ಸೀರೆ ಎಳೆದುಕೊಂಡು, ಹೊಲಸು ಸೋರಿಸಿಕೊಂಡು ರಸ್ತೆಯ ಮೇಲೆ ಹೋದೆ. ಗೋದಾಮಿನವನು ನನ್ನನ್ನು ನೋಡಿ ಬಾಗಿಲಲ್ಲೇ ತಡೆದ. "ಹಿಂಗ ಬಂದ್ರ ಮಾಲ ಹೊಲಸ ಆಗತೈತಿ," ಎಂದ. ಖಾಲಿ ಕೈಯಲ್ಲಿ ಬಂದೆ. ಬರುವಾಗಲೂ ಗಟಾರ ಇತ್ತು.

ಆ ವಾರವೇ ಸಮುದಾಯ ಭವನದಲ್ಲಿ ಓಣಿಯ ಸಭೆ ಕರೆದರು. ನಾನೂ ಬರಬೇಕು ಎಂದು ಹೇಳಿ ಕಳಿಸಿದರು. "ಬರೇ ನೀ ಬಾ, ಉಳಿದವರಿಗೆ ತಿಳಿಯಂಗಿಲ್ಲ," ಎಂದಿದ್ದರು. ಪಂಪಾವತಿ ನನ್ನ ಜೊತೆ ಬಂದಳು. ನಾಹೀದಾ ಮತ್ತು ದುರುಗವ್ವ ಮನೆಯಲ್ಲಿದ್ದರು.

ಸಮುದಾಯ ಭವನಕ್ಕೆ ಮೆಟ್ಟಿಲು. ನಾನು ಮೊದಲ ಮೆಟ್ಟಿಲಿಗೆ ಕೈ ಹಚ್ಚುವಷ್ಟರಲ್ಲಿ ಇಬ್ಬರು ಗಂಡಸರು ಬಂದು, ಕೇಳದೆ ಹೇಳದೆ, ನನ್ನ ಕಂಕುಳಿಗೆ ಕೈ ಹಾಕಿದರು.

"ಕೈ ತಗೀರಿ," ಎಂದೆ.

"ಎತ್ತಿ ಬಿಡ್ತೀವವ್ವ, ಯಾಕ ತ್ರಾಸ ತಗೋತಿ?"

"ಕೈ ತಗೀರಿ ಅಂದೆ."

ತೆಗೆದರು. ಒಬ್ಬ ಗೊಣಗಿದ. ನಾನು ಒಂದೊಂದೇ ಮೆಟ್ಟಿಲು ಏರಿದೆ. ಒಳಗೆ ಎಲ್ಲರೂ ಕುರ್ಚಿಯ ಮೇಲೆ ಕುಳಿತಿದ್ದರು. ನನ್ನ ಕಣ್ಣಿನ ನೇರಕ್ಕೆ ಅವರ ಮೊಣಕಾಲುಗಳು. ಮುಂದಿನ ಸಾಲಿನಲ್ಲಿ ಸಿದ್ದಲಿಂಗೇಶ. ಅವನ ಪಕ್ಕ ಮನೆಯ ಮಾಲೀಕ ಅಮರಪ್ಪ ತಲೆ ತಗ್ಗಿಸಿ ಕುಳಿತಿದ್ದರು. ಅವರ ಪಕ್ಕದಲ್ಲಿ ಗುರುಬಸವ.

ಸಿದ್ದಲಿಂಗೇಶ ಎದ್ದು ನಿಂತ. "ನಮಗ ಇವರ ಮ್ಯಾಲ ಸಿಟ್ಟಿಲ್ಲ. ಕನಿಕರ ಐತಿ. ಆದ್ರ ಇದು ಸಂಸಾರಸ್ಥರ ಓಣಿ. ಹೆಣ್ಣ ಹುಡುಗ್ಯಾರು ಓಡಾಡ್ತಾರ. ಗಂಡಸರ ದಿಕ್ಕಿಲ್ಲದ ಮೂರ ಮಂದಿ ಹೆಂಗಸರು, ಅದರಾಗ ಒಬ್ಬಾಕಿಗೆ ತಲಿ ಸರಿ ಇಲ್ಲ. ನಾಳೆ ಏನರ ಆದ್ರ ಯಾರ ಹೊಣಿ? ಇಂಥವರಿಗೆ ಅಂತ ಜಾಗ ಅದಾವ. ಸರ್ ಬಂದಾರ. ಅವರ ಎಲ್ಲಾ ನೋಡ್ಕೋತಾರ."

"ನನ್ನ ಮಕ್ಕಳಿದ್ದಂಗ ಇವರು," ಎಂದ ಗುರುಬಸವ. "ಸಿಟ್ಟ ಮಾಡ್ಕೊಂಡು ಹೋದ್ರೂ ನನ್ನ ಬಾಗಲಾ ಯಾವಾಗ್ಲೂ ತೆರದಿರತೈತಿ."

"ಒಳಗ ಬರಾಕ ಅಷ್ಟ ತೆರದಿರತೈತ್ರಿ," ಎಂದೆ.

ಯಾರೋ ಹಿಂದೆ ನಕ್ಕರು. ಗುರುಬಸವ ನಗಲಿಲ್ಲ. ಅಮರಪ್ಪ ನೆಲ ನೋಡುತ್ತಲೇ, "ನನ್ನ ಮ್ಯಾಲ ಭಾಳ ಒತ್ತಡ ಐತವ್ವ. ಮನಿ ಖಾಲಿ ಮಾಡ್ರಿ," ಎಂದರು.

ನಾನು ಸಿದ್ದಲಿಂಗೇಶನ ಕಡೆ ತಿರುಗಿದೆ. "ಸಾವಕಾರ್ರ, ನನ್ನ ಗುರ್ತ ಸಿಕ್ಕಿಲ್ಲೇನ್ರಿ ನಿಮಗ?"

"ಎದುರು ಮನ್ಯಾಕಿ ಅಲ್ಲೇನ?"

"ನಿಮ್ಮ ಮಗನ ಹುಟ್ಟಹಬ್ಬಕ್ಕ ಸರ್ ಅವರ ಆಶ್ರಮಕ್ಕ ಬಂದಿದ್ರಿ. ನನ್ನ ಬಾಯಾಗ ಕೇಕ ಇಟ್ರಿ. ಫೋಟೋ ಸರಿ ಬರಲಿಲ್ಲಂತ ಹೊರಗ ತಗದು, ಮತ್ತ ಇಟ್ರಿ."

ಅವನ ಮುಖ ಕೆಂಪಾಯಿತು. "ಒಳ್ಳೇದ ಮಾಡಿದ್ದನ್ನ ಹಿಂಗ ಎತ್ತಿ ಆಡಬಾರದವ್ವ."

"ಅವತ್ತ ನನ್ನ ಎಂಜಲ ನಿಮ್ಮ ಬೆರಳಿಗೆ ಹತ್ತಿತ್ತು. ಒರಸ್ಕೊಂಡು ನಕ್ರಿ. ಇವತ್ತ ನಾ ನಿಮ್ಮ ಎದುರ ಮನ್ಯಾಗ ಇರಬಾರದು. ದೂರ ಇದ್ರ ಬಾಯಾಗ ಕೇಕ ಇಡ್ತೀರಿ. ಹತ್ರ ಬಂದ್ರ ಬಾಗಲಾ ಒಡಸ್ತೀರಿ. ನಿಮ್ಮ ಕನಿಕರ ನಮಗ ಬ್ಯಾಡ್ರಿ. ನಾವು ಬಾಡಗಿ ಕೊಟ್ಟ ಇದ್ದೀವಿ. ಮನಿ ಬಿಡಂಗಿಲ್ಲ."

ಗದ್ದಲ ಎದ್ದಿತು. ಇಷ್ಟು ಬಾಯಿ ಇದ್ದವಳಿಗೆ ಕನಿಕರ ಯಾಕೆ ಎಂದು ಒಬ್ಬ ಕೂಗಿದ. ಆಗ ಪಂಪಾವತಿಯ ಫೋನು ಹೊಡೆದುಕೊಂಡಿತು. ಅವಳು ಕಿವಿಗೆ ಹಿಡಿದಳು. ನಾಹೀದಾಳ ಕೂಗು ನನಗೂ ಕೇಳಿತು. "ವ್ಯಾನ ಬಂದೈತಿ! ದುರುಗವ್ವನ್ನ ಎಳಕೊಂಡ ಹೊಂಟಾರ!"

ನಾನು ಗುರುಬಸವನ ಕಡೆ ನೋಡಿದೆ. ಅವನು ನನ್ನ ಕಣ್ಣು ತಪ್ಪಿಸಿ ಕೈಗಡಿಯಾರ ನೋಡಿಕೊಂಡ. ನಮ್ಮನ್ನು ಮನೆಯಿಂದ ದೂರ ಇಡಲೆಂದೇ ಈ ಸಭೆ.

ಪಂಪಾವತಿ ಓಡಿದಳು. ನಾನು ಮೆಟ್ಟಿಲ ಮೇಲೆ ಜಾರಿಕೊಂಡೇ ಇಳಿದೆ. ತೊಡೆಯ ಚರ್ಮ ಸುಲಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಡಾಂಬರು ಕಾದಿತ್ತು. ಒಂದು ಕೈಯ ಚಪ್ಪಲಿ ಎಲ್ಲೋ ಕಳಚಿ ಬಿತ್ತು. ತಿರುಗಿ ನೋಡಲಿಲ್ಲ. ಬರಿ ಅಂಗೈ ಊರಿ ಓಣಿಗೆ ಬಂದೆ.

ವ್ಯಾನು ನಮ್ಮ ಮನೆಯ ಮುಂದೆ ನಿಂತಿತ್ತು. ದುರುಗವ್ವ ಆಗಲೇ ಒಳಗಿದ್ದಳು. ಆಶ್ರಮದ ಇಬ್ಬರು ಹೆಂಗಸರು ಅವಳ ಎರಡೂ ತೋಳು ಹಿಡಿದಿದ್ದರು. ಅವಳು ಅಳುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನಾಹೀದಾ ವ್ಯಾನಿನ ಬಾಗಿಲಿನ ಹಿಡಿಕೆಗೆ ಜೋತು ಬಿದ್ದಿದ್ದಳು. ಪಂಪಾವತಿ ಒಂದು ಕೈಯಲ್ಲಿ ಕಿಟಕಿಯ ಗಾಜು ಬಡಿಯುತ್ತಿದ್ದಳು. ಚಾಲಕ ತಿರುಪತಿ ಗಾಡಿ ಚಾಲೂ ಮಾಡಿ, "ಸರೀರಿ, ಮೈಮ್ಯಾಲ ಹೋಗತೈತಿ ನೋಡ್ರಿ," ಎಂದು ಕೂಗುತ್ತಿದ್ದ.

ನಾನು ಯೋಚನೆ ಮಾಡಲಿಲ್ಲ. ಯಾವಾಗಲೂ ನೆಲದ ಮೇಲೆಯೇ ಇರುವವಳು ನಾನು. ವ್ಯಾನಿನ ಅಡಿಗೆ ಹೋಗುವುದು ನನಗೆ ಕಷ್ಟದ ಕೆಲಸವಲ್ಲ. ಹಿಂದಿನ ಗಾಲಿಯ ಮುಂದೆ ಮೈ ಚಾಚಿ ಮಲಗಿದೆ. ಮೇಲೆ ಒಂದು ಕಬ್ಬಿಣದ ಸರಳು ಸಿಕ್ಕಿತು. ಎರಡೂ ಕೈಯಿಂದ ಹಿಡಿದೆ. ಸುಡುತ್ತಿತ್ತು.

"ಗಾಡಿ ಹೊಡಿಬ್ಯಾಡ! ಮಾಳಕ್ಕ ಕೆಳಗ ಅದಾಳ!" ಎಂದು ಪಂಪಾವತಿ ಕಿರುಚಿದಳು.

ಗಾಡಿ ಬಂದಾಯಿತು. ತಿರುಪತಿ ಇಳಿದು ಬಗ್ಗಿ ನೋಡಿದ. "ಹೊರಗ ಬಾರಬೇ, ಹೆಣ ಆಗ್ತಿ."

"ಆಕಿನ್ನ ಇಳಸು."

"ನನ್ನ ನೌಕರಿ ಹೋಗತೈತಿ."

"ಆಕಿನ್ನ ಇಳಸು."

ಅವನು ನನ್ನ ಕಾಲು ಹಿಡಿದು ಎಳೆದ. ಇನ್ನೊಬ್ಬ ಬಂದು ಇನ್ನೊಂದು ಕಾಲು ಎಳೆದ. ನನ್ನ ಕಾಲು ಒಣ ಕಡ್ಡಿಯಂಥವು, ಸೊಂಟದ ಹತ್ತಿರ ಕಿತ್ತು ಬಂದಷ್ಟು ನೋವಾಯಿತು. ಕೈ ಬಿಡಲಿಲ್ಲ. ಸಣ್ಣಂದಿನಿಂದ ಬೇರೆಯವರು ಕಾಲಿನ ಮೇಲೆ ನಡೆದರೆ ನಾನು ಈ ಕೈಗಳ ಮೇಲೆ ನಡೆದಿದ್ದೇನೆ. ಅವರಿಬ್ಬರ ಬಲ ಸಾಲಲಿಲ್ಲ. ಕರಿ ಎಣ್ಣೆ ಹನಿಹನಿಯಾಗಿ ನನ್ನ ಕುತ್ತಿಗೆಯ ಮೇಲೆ ಬೀಳುತ್ತಿತ್ತು.

ಮಂದಿ ಕೂಡಿದರು. ನನಗೆ ಅವರ ಕಾಲುಗಳಷ್ಟೇ ಕಾಣುತ್ತಿದ್ದವು. ಹೊಳೆಯುವ ಬೂಟು ಹತ್ತಿರ ಬಂದವು. ಗುರುಬಸವ ಮೊಣಕಾಲೂರಿ ಬಗ್ಗಿದ. ದನಿ ಮೆತ್ತಗಿತ್ತು. "ಮಾಳವ್ವ, ನಾ ನಿನಗ ತಂದಿ ಇದ್ದಂಗ."

"ನಮ್ಮಪ್ಪ ಸತ್ತು ಭಾಳ ವರ್ಷ ಆತ್ರಿ ಸರ್. ಆಕಿನ್ನ ಇಳಸ್ರಿ."

"ನಾಟಕ ಇದು," ಎಂದಿತು ಸಿದ್ದಲಿಂಗೇಶನ ದನಿ. "ನಾಕ ಮಂದಿ ಹಿಡದು ಎಳೀರಿ."

ಒಬ್ಬ ಹೆಂಗಸು, "ಒಯ್ಯಲಿ ಬಿಡ್ರಿ, ಅಲ್ಲೆ ಹೊತ್ತಿಗೆ ಸರಿಯಾಗಿ ಕೂಳರ ಸಿಗತೈತಿ," ಎಂದಳು. ನಾಹೀದಾ ದನಿ ಗುರುತಿಸಿ ಕೂಗಿದಳು. "ಹಿಂದಿನ ಓಣಿ ಶಮಾ ಏನ ನೀ? ನಿನ್ನ ಒಯ್ದ್ರ ಹೋಗ್ತಿಯೇನ?"

ಪಂಪಾವತಿ ಪೊಲೀಸರಿಗೆ ಫೋನು ಮಾಡಿದಳು. ಬರಲು ಹೊತ್ತಾಯಿತು. ನನ್ನ ಬೆನ್ನು ಡಾಂಬರಿಗೆ ಅಂಟಿಕೊಂಡಿತ್ತು. ಬಾಯಿ ಒಣಗಿತ್ತು. ನಾಹೀದಾ ನೆಲಕ್ಕೆ ಕುಳಿತು, ತಡವರಿಸಿ, ಒಂದು ಲೋಟ ನೀರನ್ನು ಗಾಲಿಯ ಪಕ್ಕ ನೂಕಿದಳು. ಅರ್ಧ ಚೆಲ್ಲಿತು. ಉಳಿದದ್ದನ್ನು ಮಲಗಿದಲ್ಲೇ ಕುಡಿದೆ.

ಬಂದವಳು ಒಬ್ಬ ಮಹಿಳಾ ಪೊಲೀಸು. ಅವಳ ಕಂದು ಬೂಟು ಮೊದಲು ಗುರುಬಸವನ ಹತ್ತಿರ ಹೋಯಿತು. ಅವನು ಹೇಳಿದ್ದನ್ನು ಕೇಳಿದಳು. ಆಮೇಲೆ ಸಿದ್ದಲಿಂಗೇಶನನ್ನು ಕೇಳಿದಳು. ಆಮೇಲೆ ಅಮರಪ್ಪನನ್ನು ಕೇಳಿದಳು. ಮೂವರೂ ದುರುಗವ್ವನ ಒಳ್ಳೆಯದಕ್ಕೇ ಎಂದರು.

"ಎಲ್ಲಾರನ್ನೂ ಕೇಳಿದ್ರಿ," ಎಂದಳು ನಾಹೀದಾ. "ಆಕಿನ್ನ ಕೇಳ್ರಿ."

"ಆಕಿಗೆ ಬುದ್ಧಿ ಇಲ್ಲ ಮೇಡಂ," ಎಂದ ಗುರುಬಸವ. "ಆಕಿನ್ನೇನ ಕೇಳೋದು?"

"ಕೇಳಿ ನೋಡೀರೇನು ಒಮ್ಮೆಯರ?" ಎಂದಳು ನಾಹೀದಾ. "ಇಷ್ಟ ವರ್ಷದಾಗ ಒಮ್ಮೆಯರ?"

ಕಂದು ಬೂಟು ವ್ಯಾನಿನ ಕಡೆ ತಿರುಗಿತು. ಆಮೇಲೆ ವ್ಯಾನಿನ ಬಾಗಿಲು ಸರಿದ ಸದ್ದಾಯಿತು. "ಆಕಿನ್ನ ಬಿಡ್ರಿ ನೀವಿಬ್ರೂ," ಎಂದಳು ಪೊಲೀಸು ಒಳಗಿನ ಹೆಂಗಸರಿಗೆ. ಆಮೇಲೆ ದನಿ ತಗ್ಗಿಸಿ, "ಏನವ್ವ, ಇವರ ಜೋಡಿ ಹೋಗ್ತಿಯೇನು?"

ಉತ್ತರ ಬರಲಿಲ್ಲ. ದುರುಗವ್ವನಿಗೆ ಉತ್ತರ ಬರುವುದಿಲ್ಲ ಎಂದು ನನಗೂ ಭಯವಾಯಿತು. ನನ್ನ ತಲೆಯ ಮೇಲೆಯೇ ವ್ಯಾನಿನ ತಗಡು ಇತ್ತು. ಅದರ ಮೇಲೆ ಒಂದು ಪಾದ ಧಪ್ಪೆಂದು ಬಡಿಯಿತು. ತುಕ್ಕಿನ ಪುಡಿ ನನ್ನ ಕಣ್ಣಿಗೆ ಉದುರಿತು.

"ಒಲ್ಲೆ," ಎಂದಳು ದುರುಗವ್ವ.

ಮತ್ತೆ ಪಾದ ಬಡಿಯಿತು. "ಒಲ್ಲೆ." ಮತ್ತೆ. "ಒಲ್ಲೆ. ಒಲ್ಲೆ. ಒಲ್ಲೆ." ನಿಲ್ಲಿಸಲೇ ಇಲ್ಲ. ಎಷ್ಟೋ ವರ್ಷದ್ದನ್ನೆಲ್ಲ ಒಟ್ಟಿಗೆ ಹೇಳುತ್ತಿರುವ ಹಾಗೆ ತಗಡನ್ನು ತುಳಿದಳು. ಕೆಳಗೆ ಮಲಗಿದ ನಾನು ಜೋರಾಗಿ ಅತ್ತೆ. ನೋವಿಗೆ ಅತ್ತಳೆಂದು ಅವರು ತಿಳಿದುಕೊಂಡಿರಬೇಕು.

"ಕೇಳಿದ್ರಲ್ಲ?" ಎಂದಳು ಪೊಲೀಸು. "ದೊಡ್ಡ ಹೆಂಗಸು ಅದಾಳ. ಒಲ್ಲೆ ಅಂದಾಕಿನ್ನ ಹಿಡದು ಒಯ್ಯಾಕ ಬರಂಗಿಲ್ಲ. ಕೋರ್ಟಿನ ಆದೇಶ ಏನರ ಐತೇನ್ರಿ ನಿಮ್ಮ ಕಡೆ?"

ಗುರುಬಸವನ ಹತ್ತಿರ ಏನೂ ಇರಲಿಲ್ಲ. ದುರುಗವ್ವ ಇಳಿದು ನಾಹೀದಾಳ ಕೈ ಹಿಡಿದಳು ಎಂದು ಪಂಪಾವತಿ ಹೇಳಿದ ಮೇಲೆಯೇ ನಾನು ಸರಳು ಬಿಟ್ಟೆ. ಅಂಗೈಯ ಚರ್ಮ ಸರಳಿಗೇ ಅಂಟಿಕೊಂಡು ಉಳಿಯಿತು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನಾವು ದೂರು ಕೊಟ್ಟೆವು. ಇದುವರೆಗೆ ಯಾರನ್ನೂ ಹಿಡಿದಿಲ್ಲ. ಅಮರಪ್ಪ ಕರೆಂಟು ತೆಗೆಸಿದರು. ಒಕ್ಕೂಟದವರು ಹೋರಾಡಿ ಮತ್ತೆ ಹಾಕಿಸಿದರು. ಮನೆ ಬಿಡಿಸುವ ಮಾತು ಈಗ ಕೋರ್ಟಿನಲ್ಲಿದೆ. ಗಟಾರ ದಾಟಲು ನಾವು ಒಂದು ದಪ್ಪ ಹಲಗೆ ತಂದೆವು. ಹೊರಗೆ ಬಿಟ್ಟರೆ ಯಾರೋ ಎತ್ತಿ ಬಿಸಾಡುತ್ತಾರೆ. ಹೋಗುವಾಗ ಹಾಕಿ, ಬಂದ ಮೇಲೆ ಒಳಗೆ ಎಳೆದುಕೊಳ್ಳುತ್ತೇವೆ. ನನ್ನ ಅಂಗೈ ಮಾಯುವವರೆಗೆ ದಬ್ಬಣ ಹಿಡಿಯಲು ಆಗಲಿಲ್ಲ. ದುರುಗವ್ವ ಈಗ ಬಾಗಿಲಲ್ಲಿ ನಿಲ್ಲುವುದಿಲ್ಲ. ಯಾವುದೇ ಗಾಡಿಯ ಸದ್ದಾದರೂ ಬಾಗಿಲ ಹಿಂದೆ ಹೋಗಿ ಕೂರುತ್ತಾಳೆ. ಯಾರನ್ನೂ ಏನೂ ಕೇಳುವುದಿಲ್ಲ. ಓಣಿಗೆ ನೆಮ್ಮದಿಯಾಯಿತು.

ಒಂದು ಮಧ್ಯಾಹ್ನ ಶಮಾ ಬಂದಳು. ಗಟಾರದ ಆಚೆ ನಿಂತು ಅತ್ತಿತ್ತ ನೋಡಿದಳು.

"ನಿಮ್ಮ ಜೋಡಿ ಮಾತಾಡಬೇಕಾಗಿತ್ತು."

"ಮಾತಾಡು."

"ನನ್ನ ಮಗಳು ಒಬ್ಬಾಕಿ ಅದಾಳ. ದೊಡ್ಡಾಕಿ ಆಗ್ಯಾಳ. ನಿಮ್ಮ ದುರುಗವ್ವನಂಗ." ದನಿ ಇಳಿಸಿದಳು. "ಹಿಂದಿನ ಖೋಲ್ಯಾಗ ಇಟ್ಟೀನಿ. ನಾ ಕೆಲಸಕ್ಕ ಹೋಗುಮುಂದ ಹೊರಗಿನ ಚಿಲಕ ಹಾಕಿ ಹೋಗ್ತೀನಿ. ಓಣ್ಯಾಗ ಭಾಳ ಮಂದಿಗೆ ಗೊತ್ತಿಲ್ಲ."

ನನಗೆ ಸಿಟ್ಟು ಬಂತು. "ಅವತ್ತ ಒಯ್ಯಲಿ ಬಿಡ್ರಿ ಅಂದಾಕಿ ನೀ. ಮನ್ಯಾಗ ಹಂಥಾ ಮಗಳನ್ನ ಇಟ್ಕೊಂಡು ಅಂದಿ."

"ಅಂದೆ." ಅವಳು ಕಣ್ಣು ತಪ್ಪಿಸಲಿಲ್ಲ. "ಅನ್ನಲಿಲ್ಲಂದ್ರ ಎಲ್ಲಾರೂ ನನ್ನ ಮನಿ ಕಡೆ ನೋಡ್ತಿದ್ರು. ನಾಳೆ ನಾ ಸತ್ರ ಆಕಿನ್ನೂ ಆ ವ್ಯಾನಿನ್ಯಾಗ ಹಾಕ್ತಾರ. ನೀವು ಇಟ್ಕೋತೀರೇನು?"

"ಇಟ್ಕೊಳ್ಳಾಕ ಇದೇನ ಆಶ್ರಮ ಅಲ್ಲ," ಎಂದಳು ನಾಹೀದಾ ಒಳಗಿನಿಂದ.

"ಮತ್ತ ನಾ ಏನ ಮಾಡ್ಲಿ?"

"ಕರಕೊಂಡ ಬಾ," ಎಂದೆ. "ನಿನ್ನ ಕೇಳಂಗಿಲ್ಲ ನಾವು. ಆಕಿನ್ನ ಕೇಳತೀವಿ. ಇಲ್ಲಿ ಬಂದು ಹೋಗಿ ಮಾಡ್ತಾಳೋ, ನಮ್ಮ ಜೋಡಿ ಕೂದಲಾ ಬಿಡಸ್ತಾಳೋ, ನಿನ್ನ ಕಡೆನ ಇರ್ತಾಳೋ, ಆಕಿ ಹೇಳ್ಲಿ."

"ಕತ್ತಲಾದ ಮ್ಯಾಲ ಕರಕೊಂಡ ಬರ್ಲೇನು?"

"ಬ್ಯಾಡ. ಈಗ."

ಶಮಾ ತಿರುಗಿ ನಳದ ಕಡೆ ಒಮ್ಮೆ ನೋಡಿದಳು. ಆಮೇಲೆ ಹೋದಳು. ಬರುವುದಿಲ್ಲ ಎಂದುಕೊಂಡೆ. ಬಂದಳು. ಓಣಿಯ ನಟ್ಟನಡುವೆ, ಮಗಳ ಕೈ ಹಿಡಿದುಕೊಂಡು ಬಂದಳು. ಎತ್ತರದ ಹುಡುಗಿ. ಬಿಸಿಲು ಕಾಣದೆ ಮುಖ ಬಿಳಿಚಿತ್ತು. ಬೆಳಕಿಗೆ ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದಿದ್ದಳು. ನಳದ ಹತ್ತಿರ ಹೆಂಗಸರು ಕೊಡ ಇಟ್ಟು ತಿರುಗಿದರು. ಭವಾನಿ ಗಂಡನನ್ನು ಕರೆದಳು. ಸಿದ್ದಲಿಂಗೇಶ ಹೊರಗೆ ಬಂದು ನೋಡಿ, "ಇನ್ನೊಂದು ಬಂತು," ಎಂದ, ಎಲ್ಲರಿಗೂ ಕೇಳುವ ಹಾಗೆ.

ಶಮಾಳ ಹೆಜ್ಜೆ ತಪ್ಪಿತು. ಮಗಳ ಕೈ ಬಿಡಲಿಲ್ಲ.

ನಾನು ಹಲಗೆ ತಳ್ಳಿದೆ. ಹುಡುಗಿ ಅದರ ಆಚೆ ತುದಿಯಲ್ಲಿ ನಿಂತಳು. ಬಾಗಿಲ ಹಿಂದಿನಿಂದ ದುರುಗವ್ವ ಎದ್ದು ಬಂದು ನನ್ನ ಹಿಂದೆ ನಿಂತದ್ದು ನನಗೆ ತಿಳಿಯಿತು.

"ನಿನ್ನ ಹೆಸರೇನವ್ವ?" ಎಂದು ಕೇಳಿದೆ.

ಶಮಾ ಹೇಳಲು ಬಾಯಿ ತೆರೆದಳು.

"ನೀ ಸುಮ್ಮನಿರು," ಎಂದಳು ನಾಹೀದಾ.

ಹುಡುಗಿ ನನ್ನನ್ನು ನೋಡಿದಳು. ಹಲಗೆ ನೋಡಿದಳು. ತನ್ನನ್ನು ನೋಡುತ್ತಿದ್ದ ಓಣಿಯನ್ನೆಲ್ಲ ಒಮ್ಮೆ ನೋಡಿದಳು. ಅವಳ ತುಟಿ ಅಲುಗಿತು. ಮಾತು ಬರಲಿಲ್ಲ. ಮತ್ತೆ ಅಲುಗಿತು.

ನಮಗೇನೂ ಅವಸರ ಇರಲಿಲ್ಲ. ಕಾದೆವು.